ಲಿಂಗತ್ವ, ಕುಟುಂಬ ಮತ್ತು ತೆರೆಯ ಅಡಿಬರಹ: ಉಡುಪಿ ಸೀಮೆಯಿಂದ ಕಂಡ ಕನ್ನಡ–ತುಳು ಸಿನಿಮಾ

ಹುಟ್ಟಿದಾಗ ಮನೆಯವರು ಗುರುತಿಸಿದ ಲಿಂಗ ಒಂದು, ಬೆಳೆಯುತ್ತ ತನಗೇ ಅರಿವಾದದ್ದು ಇನ್ನೊಂದು. ಇಂಥವರ ಬದುಕನ್ನೂ ಅದರಿಂದ ಮನೆಯೊಳಗೆ ಬೀಳುವ ಬಿರುಕನ್ನೂ ಕಥೆಯಾಗಿಸಿದ ಚಿತ್ರಗಳು ಕನ್ನಡದಲ್ಲಿ ಬೆರಳೆಣಿಕೆಯಷ್ಟು. ಕಿವಿ ಕೇಳದವರಿಗಾಗಿ ಮಾತು, ಸದ್ದು ಎರಡನ್ನೂ ಅಕ್ಷರದಲ್ಲಿ ಕೊಡುವ ಕನ್ನಡ ಅಡಿಬರಹ, ಅಂದರೆ ಕ್ಯಾಪ್ಷನ್, ಅದಕ್ಕಿಂತಲೂ ವಿರಳ.

ಮೊದಲು ಹೀಗಿರಲಿಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ ಮಾತು ಪರದೆಯ ಮೇಲೆ ಅಕ್ಷರವಾಗಿಯೇ ಬರುತ್ತಿತ್ತು. ಓದು ಬಲ್ಲ ಕಿವುಡರಿಗೂ ಉಳಿದವರಿಗೂ ಅಲ್ಲಿ ಭೇದವಿರಲಿಲ್ಲ. ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರೂ 1930ರ ಸುಮಾರಿಗೆ ‘ಡೊಮಿಂಗೊ’ ಎಂಬ ಮೂಕಿ ಚಿತ್ರ ತೆಗೆದವರೇ. 1934ರಲ್ಲಿ ‘ಸತಿ ಸುಲೋಚನಾ’ ಕನ್ನಡದಲ್ಲಿ ಮಾತಾಡಿತು, 1971ರಲ್ಲಿ ‘ಎನ್ನ ತಂಗಡಿ’ ತುಳುವಿನಲ್ಲಿ. ಟಾಕಿ ಬಂದದ್ದನ್ನು ಚಿತ್ರರಂಗ ಹಬ್ಬವೆಂದೇ ನೆನೆಯುತ್ತದೆ. ಅಂದು ಟಾಕೀಸಿನಿಂದ ಹೊರಗುಳಿದವರ ಲೆಕ್ಕವನ್ನು ಯಾರೂ ಇಡಲಿಲ್ಲ. ಅಮೆರಿಕದಲ್ಲಿ ಮೂಕಿ ಚಿತ್ರಗಳ ನಟನಾಗಿದ್ದ, ಸ್ವತಃ ಕಿವುಡನಾದ ಎಮರ್ಸನ್ ರೊಮೆರೊ 1947ರಲ್ಲಿ ಟಾಕಿ ಚಿತ್ರಗಳ ದೃಶ್ಯಗಳ ನಡುವೆ ಬರಹದ ತುಣುಕುಗಳನ್ನು ಅಂಟಿಸತೊಡಗಿದ. 1958ರಲ್ಲಿ ಆ ದೇಶ ಕಿವುಡರಿಗೆ ಬರಹಸಹಿತ ಚಿತ್ರ ಒದಗಿಸುವ ಕಾನೂನನ್ನೇ ಮಾಡಿತು.

ಗಂಡು ಹೆಣ್ಣಾಗುವುದು ಕರಾವಳಿಯ ರಂಗಕ್ಕೆ ಹೊಸದಲ್ಲ. ಯಕ್ಷಗಾನದ ಸ್ತ್ರೀವೇಷಕ್ಕೆ ಕೋಳ್ಯೂರು ರಾಮಚಂದ್ರ ರಾವ್, ಪಾತಾಳ ವೆಂಕಟರಮಣ ಭಟ್ಟರಂಥವರು ತಂದುಕೊಟ್ಟ ಗೌರವ ದೊಡ್ಡದು. ತುಳುನಾಡಿನ ದೈವ ಜುಮಾದಿಯ ಮೊಗದಲ್ಲಿ ಮೀಸೆ, ಎದೆಯಲ್ಲಿ ಹೆಣ್ಣಿನ ಕವಚ. ಆ ದೈವಕ್ಕೆ ಇಡೀ ಗುತ್ತಿನ ಮನೆಯವರೇ ಕೈಮುಗಿದು ನಿಲ್ಲುತ್ತಾರೆ. ಆದರೆ ಯಕ್ಷಗಾನದ ಬಣ್ಣದ ಮನೆಯಾದ ಚೌಕಿಯಲ್ಲಿ ಬಣ್ಣ ಕಳಚಿದ ಮೇಲೆ ವೇಷಧಾರಿ ಗಂಡಸಾಗಿಯೇ ಮನೆಗೆ ಹೋಗಬೇಕು. ಕಳಚಲಾಗದ ಹೆಣ್ತನದ ಮಾತು ಬಂದಾಗ ಕೈಮುಗಿದ ಮನೆಯೇ ಬಾಗಿಲು ಹಾಕುತ್ತದೆ. ಬಹುಕಾಲ ಸಿನಿಮಾವೂ ಇಂಥವರನ್ನು ಹಾಸ್ಯದ ತುಣುಕಿಗೆ ಬಳಸಿತೇ ಹೊರತು ಮನೆಯ ಮಗುವಾಗಿ ಕಾಣಲಿಲ್ಲ.

ಆ ರೂಢಿ ಮುರಿದದ್ದು ಬಿ.ಎಸ್. ಲಿಂಗದೇವರು ನಿರ್ದೇಶನದ ‘ನಾನು ಅವನಲ್ಲ ಅವಳು’. ಲಿವಿಂಗ್ ಸ್ಮೈಲ್ ವಿದ್ಯಾ ತಮಿಳಿನಲ್ಲಿ ಬರೆದ ಆತ್ಮಕಥೆ ಇದರ ಆಧಾರ. ಮಾದೇಶನಾಗಿ ಹುಟ್ಟಿ ವಿದ್ಯಾ ಆಗುವ ಪಾತ್ರ ಮಾಡಿದ ಸಂಚಾರಿ ವಿಜಯ್ ಅವರಿಗೆ 62ನೇ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಪ್ರಸಾಧನಕ್ಕೂ ಪ್ರಶಸ್ತಿ ಸಿಕ್ಕಿತು. ಚಿತ್ರ ಜನರ ಮುಂದೆ ಬಂದದ್ದು 2015ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 2014ರ ಏಪ್ರಿಲ್ 15ರಂದು, ಇಂಥವರು ತಮ್ಮ ಲಿಂಗತ್ವವನ್ನು ತಾವೇ ನಿರ್ಧರಿಸುವ ಹಕ್ಕನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದಿತ್ತು. ವಿಜಯ್ 2021ರ ಜೂನ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಮಂಡ್ಯ ಮೂಲದ ಶ್ರೀಧರ್ ರಂಗಾಯನ್ 2018ರ ‘ಈವ್ನಿಂಗ್ ಶ್ಯಾಡೋಸ್’ ಅನ್ನು ಹಿಂದಿಯಲ್ಲಿ ತೆಗೆದರು. ಮಗ ತಾನು ಸಲಿಂಗಿ ಎಂದು ತಾಯಿಯೆದುರು ಒಪ್ಪಿಕೊಳ್ಳುವ ಕಥೆ, ನಡೆಯುವುದು ಶ್ರೀರಂಗಪಟ್ಟಣದಲ್ಲಿ. ಕನ್ನಡದಲ್ಲಿ ಇಬ್ಬರು ಹೆಂಗಸರ ಜೊತೆಬಾಳನ್ನು ಶೈಲಜಾ ಪಡಿಂದಾಲ ‘ನಾನು ಲೇಡೀಸ್’ನಲ್ಲಿ ತೋರಿಸಿದರು. ಮಣಿಪಾಲದಲ್ಲಿ ನೆಲೆಸಿದ ವೈದೇಹಿಯವರ ಕಥೆ ಆಧರಿಸಿ ಗಿರೀಶ ಕಾಸರವಳ್ಳಿ ತೆಗೆದ ‘ಗುಲಾಬಿ ಟಾಕೀಸ್’ (2008) ಈ ಸಾಲಿಗೆ ನೇರವಾಗಿ ಸೇರದು. ಆದರೂ ಮನೆಯ ಕಟ್ಟಿನೊಳಗಿನ ಹೆಂಗಸರನ್ನು ಪರದೆಯ ಮುಂದೆ ಕೂಡಿಸಿದ ಗುಲಾಬಿಯನ್ನು ಬಿಟ್ಟು ಈ ಸೀಮೆಯ ಸಿನಿಮಾದ ಮಾತು ಮುಗಿಯುವುದಿಲ್ಲ.

ಪ್ರಶಸ್ತಿಗೂ ಚಿತ್ರೋತ್ಸವಕ್ಕೂ ಹೋಗುವ ಕನ್ನಡ ಚಿತ್ರಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಇರುತ್ತದೆ. ಅದು ಕನ್ನಡ ಬಾರದ ತೀರ್ಪುಗಾರರಿಗೆ. ಕನ್ನಡ ಓದಬಲ್ಲ, ಮಾತು ಕೇಳಿಸದ ಕಾಪುವಿನ ಹುಡುಗಿಗೆ ಅದರಿಂದ ಪ್ರಯೋಜನ ಅಷ್ಟಕ್ಕಷ್ಟೆ. ಸಬ್‌ಟೈಟಲ್‌ಗೆ ಮಾತು ಸಾಕು. ಅಡಿಬರಹಕ್ಕೆ ಬಾಗಿಲು ಬಡಿದದ್ದೂ ಬೇಕು, ಯಾರು ಮಾತಾಡಿದರೆಂಬುದೂ ಬೇಕು. ಲಿಂಗತ್ವದ ಕಥೆಯಲ್ಲಿ ಕಷ್ಟ ಇಲ್ಲೇ ಶುರು. ಮಾತಿನ ಮುಂದೆ ಹೆಸರು ಹಾಕುವಾಗ ‘ಮಾದೇಶ’ ಎಂಬುದನ್ನು ಬಿಟ್ಟು ‘ವಿದ್ಯಾ’ ಎಂದು ಯಾವ ದೃಶ್ಯದಿಂದ ಬರೆಯಬೇಕು? ಮಂಗಳಮುಖಿಯರು ಅಂಗೈ ತಟ್ಟಿದ ಸದ್ದಿಗೆ ಬರೀ ‘ಚಪ್ಪಾಳೆ’ ಎಂದು ಬರೆದರೆ ಸಭೆಯ ಮೆಚ್ಚುಗೆಯಂತೆ ಓದಿಸಿಕೊಳ್ಳುತ್ತದೆ. ಇನ್ನು ಕನ್ನಡದ ಕ್ರಿಯಾಪದ: ‘ಬಂದೆ’ ಎನ್ನುವಾಗ ಗಂಡುಹೆಣ್ಣಿನ ಗುರುತಿಲ್ಲ, ‘ಬಂದ’, ‘ಬಂದಳು’ ಎನ್ನುವಾಗ ಇದೆ. ಮನೆಯವರು ‘ಅವನು ಬಂದ’ ಅನ್ನುವುದು ಯಾವಾಗ ‘ಅವಳು ಬಂದಳು’ ಆಗುತ್ತದೆ ಎಂಬುದರಲ್ಲೇ ಕಥೆಯ ಜೀವ. ಜಾಗ ಉಳಿಸಲೆಂದು ಅಡಿಬರಹಗಾರ ಆ ಮಾತನ್ನು ಮೊಟಕು ಮಾಡಿದರೆ ಕಥೆಯೇ ಹೋದಂತೆ.

ತುಳುವಿನಲ್ಲಿ ತೊಡಕು ಇನ್ನೂ ಸೂಕ್ಷ್ಮ. ‘ಆಳ್ ಬತ್ತಳ್’ ಎಂದರೆ ಅವಳು ಬಂದಳು, ಅದರಲ್ಲಿ ಗೊಂದಲವಿಲ್ಲ. ‘ಯಾನ್ ಬತ್ತೆ’ ಎಂದರೆ ನಾನು ಬಂದೆ, ‘ಆಯೆ ಬತ್ತೆ’ ಎಂದರೆ ಅವನು ಬಂದ. ಬಾಯಲ್ಲಿ ಈ ಎರಡು ‘ಎ’ಕಾರಗಳು ಬೇರೆ, ಒಂದು ಬಾಯಿ ತೆರೆದು ಹೇಳುವಂಥದ್ದು, ಕನ್ನಡ ಲಿಪಿಯಲ್ಲಿ ಎರಡೂ ಒಂದೇ. ಮಾತಿನ ನಡುವೆ ‘ಯಾನ್’, ‘ಆಯೆ’ ಬಿಟ್ಟುಹೋಗುವುದು ಸಹಜವಾದ್ದರಿಂದ, ಕಾರ್ಕಳದ ಕಿವುಡ ಪ್ರೇಕ್ಷಕನಿಗೆ ಪರದೆಯ ಮೇಲಿನ ‘ಬತ್ತೆ’ ಪಾತ್ರ ತನ್ನ ಬಗ್ಗೆ ಹೇಳಿದ್ದೋ ಯಾವನೋ ಒಬ್ಬನ ಬಗ್ಗೆ ಹೇಳಿದ್ದೋ ತಿಳಿಯದು.

ಕಾನೂನು ನಿಧಾನವಾಗಿ ಬಂತು. ದೂರದರ್ಶನ 1987ರಲ್ಲಿ ಶ್ರವಣದೋಷವುಳ್ಳವರಿಗಾಗಿ ವಾರದ ವಾರ್ತೆ ಆರಂಭಿಸಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ದೃಶ್ಯ ಮಾಧ್ಯಮದಲ್ಲಿ ಅಡಿಬರಹ, ಸಂಜ್ಞಾ ಭಾಷೆಗಳನ್ನು ಹಕ್ಕಿನ ಪಟ್ಟಿಗೆ ಸೇರಿಸಿತು. 2024ರ ಮಾರ್ಚ್‌ನಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಚಿತ್ರಮಂದಿರಗಳ ಚಿತ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ರಾಷ್ಟ್ರಪ್ರಶಸ್ತಿಗೆ ಕಳಿಸುವ ಚಿತ್ರಗಳಿಗೆ 2025ರ ಜನವರಿ 1ರಿಂದ ಅಡಿಬರಹವೂ ದೃಷ್ಟಿಹೀನರಿಗೆ ಧ್ವನಿವಿವರಣೆಯೂ ಬೇಕೆಂದಿತು. ಒಂದೇ ಭಾಷೆಯಲ್ಲಿ ತೆರೆಗೆ ಬರುವ ಚಿತ್ರಗಳಿಗೆ, ಅಂದರೆ ಬಹುಪಾಲು ತುಳು ಚಿತ್ರಗಳಿಗೆ, ಎರಡು ವರ್ಷಗಳ ಗಡುವು ಕೊಟ್ಟಿತು.

ತುಳು ಅಡಿಬರಹಕ್ಕೆ ಬೇಕಾದ ಒಂದು ಪರಿಕರ ಮಾತ್ರ ಊರಲ್ಲೇ ಸಿದ್ಧವಿದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ‘ತುಳು ನಿಘಂಟು’ ಹೊರತಂದಿದೆ. ‘ಬತ್ತೆ’ ಎಂದು ಬರೆಯಹೊರಟವರು ಒಮ್ಮೆ ಅದನ್ನು ತೆರೆದು ನೋಡಲಿ.