ದನಿ ಮತ್ತು ಚಿತ್ರ: ಯಹೂದಿ ಬದುಕಿನ ದಾಖಲಾತಿಯ ನೂರು ವರ್ಷ

ಯಹೂದಿ ಸಮುದಾಯದ ಬದುಕನ್ನು ಬಾಯಿಮಾತು ಮತ್ತು ಛಾಯಾಚಿತ್ರಗಳಲ್ಲಿ ಕಾಪಿಡುವ ಕೆಲಸ ವ್ಯವಸ್ಥಿತ ರೂಪ ಪಡೆದದ್ದು 20ನೇ ಶತಮಾನದ ಆರಂಭದ ರಷ್ಯಾ ಸಾಮ್ರಾಜ್ಯದಲ್ಲಿ. ಲೇಖಕ ಎಸ್. ಅನ್‌ಸ್ಕಿ 1912ರಿಂದ 1914ರವರೆಗೆ ತಂಡ ಕಟ್ಟಿಕೊಂಡು ವೊಲಿನಿಯಾ, ಪೊಡೋಲಿಯಾ ಪ್ರಾಂತ್ಯಗಳ ಯಹೂದಿ ಊರುಗಳನ್ನು ಸುತ್ತಿದರು. ಹಾಡುಗಳು ಮೇಣದ ಸಿಲಿಂಡರುಗಳಲ್ಲಿ ಧ್ವನಿಮುದ್ರಣಗೊಂಡವು. ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳ ಚಿತ್ರಗಳನ್ನು ಸೊಲೊಮನ್ ಯುಡೋವಿನ್ ತೆಗೆದರು. ಹುಟ್ಟಿನಿಂದ ಸಾವಿನವರೆಗಿನ ಆಚರಣೆಗಳನ್ನು ವಿಚಾರಿಸುವ ಅನ್‌ಸ್ಕಿಯ ಪ್ರಶ್ನಾವಳಿಯಲ್ಲಿ 2,087 ಪ್ರಶ್ನೆಗಳಿದ್ದವು. ಮೊದಲ ಮಹಾಯುದ್ಧ ಈ ಸಂಚಾರವನ್ನು ನಿಲ್ಲಿಸಿತು. 1925ರಲ್ಲಿ ವಿಲ್ನಾದಲ್ಲಿ ನೆಲೆಗೊಂಡ ಯಿವೊ ಎಂಬ ಯಹೂದಿ ಸಂಶೋಧನಾ ಸಂಸ್ಥೆ ಇದೇ ಕೆಲಸವನ್ನು ಜನಸಾಮಾನ್ಯರಿಗೆ ವಹಿಸಿತು. ಊರೂರಿನ ಸ್ವಯಂಸೇವಕರು ಗಾದೆ, ಕಥೆ, ಹಾಡುಗಳನ್ನು ಬರೆದು ಕಳಿಸತೊಡಗಿದರು.

1930ರ ದಶಕದಲ್ಲಿ ಕ್ಯಾಮೆರಾ ಸಮುದಾಯದ ಪರವಾಗಿ ವಾದಿಸುವ ಸಾಧನವೂ ಆಯಿತು. ಜಾಯಿಂಟ್ ಎಂಬ ಅಮೆರಿಕನ್ ಯಹೂದಿ ಪರಿಹಾರ ಸಂಸ್ಥೆಗಾಗಿ ರೋಮನ್ ವಿಷ್ನಿಯಾಕ್ ಪೂರ್ವ ಯುರೋಪಿನಲ್ಲಿ ಚಿತ್ರಗಳನ್ನು ತೆಗೆದರು. ನೆರವು ಕೋರಲು ಬಡವರ ಮತ್ತು ಧರ್ಮನಿಷ್ಠರ ಚಿತ್ರಗಳೇ ಹೆಚ್ಚು ಪ್ರಚಾರ ಪಡೆದವು. ಆಧುನಿಕ ನಗರಜೀವನದ ಚಿತ್ರಗಳೂ ಅವರ ಸಂಗ್ರಹದಲ್ಲಿ ಇದ್ದವೆಂಬುದು ನೆಗೆಟಿವ್‌ಗಳ ಅಧ್ಯಯನದಿಂದ ಆಮೇಲೆ ಸ್ಪಷ್ಟವಾಯಿತು. ಒಂದು ಚಿತ್ರವನ್ನು ಯಾರು, ಯಾವ ಉದ್ದೇಶಕ್ಕೆ ತೆಗೆಸಿದರು ಎಂಬ ಪ್ರಶ್ನೆ ಈ ಕ್ಷೇತ್ರಕ್ಕೆ ಅಂಟಿಕೊಂಡೇ ಬಂದಿದೆ.

ನಾಜಿ ಆಳ್ವಿಕೆಯಲ್ಲಿ ದಾಖಲಿಸುವುದೇ ಪ್ರತಿರೋಧವಾಯಿತು. ಯಹೂದಿಗಳನ್ನು ಬಂಧಿಸಿಟ್ಟಿದ್ದ ವಾರ್ಸಾ ಘೆಟ್ಟೋದಲ್ಲಿ ಇತಿಹಾಸಕಾರ ಇಮ್ಯಾನುಯೆಲ್ ರಿಂಗಲ್‌ಬ್ಲೂಮ್ 'ಒನೆಗ್ ಶಬ್ಬಾತ್' ಎಂಬ ಗುಪ್ತ ಬಳಗ ಕಟ್ಟಿದರು. ದಿನಚರಿ, ಹೇಳಿಕೆ, ಪಡಿತರ ಚೀಟಿ, ಶಾಲಾ ಮಕ್ಕಳ ಪ್ರಬಂಧಗಳನ್ನೂ ಬಿಡದೆ ಕೂಡಿಹಾಕಿ, ತಗಡಿನ ಪೆಟ್ಟಿಗೆಗಳಲ್ಲಿ, ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಲ್ಲಿ ಹೂತರು. ರಿಂಗಲ್‌ಬ್ಲೂಮ್ 1944ರಲ್ಲಿ ಕೊಲೆಯಾದರು. ದಾಖಲೆಗಳ ಒಂದು ಭಾಗ 1946ರಲ್ಲಿ, ಇನ್ನೊಂದು 1950ರಲ್ಲಿ ದೊರೆತವು. ಲೋಡ್ಜ್ ಘೆಟ್ಟೋದ ಛಾಯಾಗ್ರಾಹಕ ಹೆನ್ರಿಕ್ ರಾಸ್ ಹೂತಿಟ್ಟ ನೆಗೆಟಿವ್‌ಗಳಲ್ಲಿ ಸುಮಾರು ಅರ್ಧದಷ್ಟು 1945ರಲ್ಲಿ ಮತ್ತೆ ಕೈಸೇರಿದವು.

ನಾಜಿ ನರಮೇಧದಿಂದ ಬದುಕಿ ಉಳಿದವರ ದನಿಯನ್ನೇ ಮುದ್ರಿಸಿಕೊಂಡ ಮೊದಲಿಗರಲ್ಲಿ ಷಿಕಾಗೋದ ಮನೋವಿಜ್ಞಾನಿ ಡೇವಿಡ್ ಬೋಡರ್ ಪ್ರಮುಖರು. 1946ರಲ್ಲಿ ತೆಳು ತಂತಿಯ ಮೇಲೆ ಧ್ವನಿ ಮುದ್ರಿಸುವ ಯಂತ್ರದೊಂದಿಗೆ ಯುರೋಪಿನ ನಿರಾಶ್ರಿತರ ಶಿಬಿರಗಳಿಗೆ ಹೋಗಿ, ಸುಮಾರು 130 ಜನರನ್ನು ಅವರವರ ಭಾಷೆಯಲ್ಲೇ ಮಾತನಾಡಿಸಿದರು. ಫ್ರಾನ್ಸಿನ ಹೆನೊನ್‌ವಿಲ್‌ನಲ್ಲಿ ನಿರಾಶ್ರಿತರು ಹಾಡಿದ ಹಾಡುಗಳ ಸುರುಳಿ, ಹೆಸರು ತಪ್ಪಾಗಿ ಬರೆದಿದ್ದ ಡಬ್ಬಿಯಲ್ಲಿ ದಶಕಗಳ ಕಾಲ ಕಾಣದೆ ಉಳಿದಿತ್ತು. ಓಹಾಯೋದ ಆಕ್ರನ್ ವಿಶ್ವವಿದ್ಯಾಲಯದಲ್ಲಿ ಅದು ಪತ್ತೆಯಾದ ಸುದ್ದಿ ಹೊರಬಿದ್ದದ್ದು 2017ರಲ್ಲಿ.

ಒನೆಗ್ ಶಬ್ಬಾತ್ ಬಳಗದಿಂದ ಬದುಕುಳಿದ ಕೆಲವೇ ಜನರಲ್ಲಿ ಒಬ್ಬರಾದ ರಾಕೆಲ್ ಔವರ್‌ಬಾಖ್, ಇಸ್ರೇಲಿನ ನರಮೇಧ ಸ್ಮಾರಕ ಸಂಸ್ಥೆ ಯಾದ್ ವಾಶೆಮ್‌ನಲ್ಲಿ ಸಾಕ್ಷ್ಯಸಂಗ್ರಹ ವಿಭಾಗ ಕಟ್ಟಿದರು. 1961ರಲ್ಲಿ ನಡೆದ ನಾಜಿ ಅಧಿಕಾರಿ ಐಖ್‌ಮನ್‌ನ ವಿಚಾರಣೆಯಲ್ಲಿ ನೂರಕ್ಕೂ ಹೆಚ್ಚು ಸಾಕ್ಷಿಗಳು ಮಾತನಾಡಿದ ಮೇಲೆ ಬಾಯಿಮಾತಿನ ಸಾಕ್ಷ್ಯಕ್ಕೆ ಸಾರ್ವಜನಿಕ ಮನ್ನಣೆ ಹೆಚ್ಚಿತು. 1979ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಆರಂಭವಾದ ವಿಡಿಯೊ ದಾಖಲಾತಿ ಮುಂದೆ ಯೇಲ್ ವಿಶ್ವವಿದ್ಯಾಲಯದ ಫಾರ್ಚುನಾಫ್ ಸಂಗ್ರಹವಾಯಿತು. ಸ್ಟೀವನ್ ಸ್ಪೀಲ್‌ಬರ್ಗ್ 1994ರಲ್ಲಿ ಸ್ಥಾಪಿಸಿದ ಶೋಆ ಪ್ರತಿಷ್ಠಾನ ಕೆಲವೇ ವರ್ಷಗಳಲ್ಲಿ 50,000ಕ್ಕೂ ಹೆಚ್ಚು ಸಂದರ್ಶನಗಳನ್ನು ಮುಗಿಸಿತು.

ದುರಂತದ ಆಚೆಗಿನ ಬದುಕು, ಹೋರಾಟಗಳೂ ಕ್ರಮೇಣ ದಾಖಲಾದವು. ಸೋವಿಯತ್ ಯಹೂದಿಗಳಿಗೆ ದೇಶ ಬಿಡುವ ಹಕ್ಕು ಬೇಕೆಂದು 1987ರ ಡಿಸೆಂಬರ್ 6ರಂದು ವಾಷಿಂಗ್ಟನ್ನಿನಲ್ಲಿ ಸುಮಾರು 2.5 ಲಕ್ಷ ಜನ ಸೇರಿದ್ದರು. ಆ ಚಳವಳಿಯ ಕಾಗದಪತ್ರ, ಚಿತ್ರಗಳು ಈಗ ಅಮೆರಿಕನ್ ಯಹೂದಿ ಐತಿಹಾಸಿಕ ಸಂಘದ ಸಂಗ್ರಹದಲ್ಲಿವೆ. 2000ದಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಸೆಂಟ್ರೋಪಾ ಸಂಸ್ಥೆ ಮಧ್ಯ ಮತ್ತು ಪೂರ್ವ ಯುರೋಪಿನ 1,200ಕ್ಕೂ ಹೆಚ್ಚು ಹಿರಿಯರ ಮನೆಯ ಆಲ್ಬಮ್ಮುಗಳನ್ನೇ ಆಧಾರವಾಗಿಸಿಕೊಂಡಿತು. ಚಿತ್ರದಲ್ಲಿರುವವರು ಯಾರು, ಅವರ ಕಸುಬೇನು, ಮುಂದೆ ಅವರಿಗೆ ಏನಾಯಿತು ಎಂದು ಒಂದೊಂದು ಚಿತ್ರಕ್ಕೂ ವಿವರ ಕೇಳಿ ಬರೆದುಕೊಂಡಿತು. ಭಾರತದಲ್ಲಿ, ಕೊಚ್ಚಿಯ ಯಹೂದಿ ಮಹಿಳೆಯರು ಮಲಯಾಳಂ ಹಾಡುಗಳನ್ನು ಕೈಬರಹದ ಪುಸ್ತಕಗಳಲ್ಲಿ ಉಳಿಸಿಕೊಂಡಿದ್ದರು. 1950ರ ದಶಕದಲ್ಲಿ ಬಹುತೇಕರು ಇಸ್ರೇಲಿಗೆ ವಲಸೆ ಹೋದ ನಂತರ ಸಂಶೋಧಕರು ಅವರನ್ನು ಹುಡುಕಿಕೊಂಡು ಹೋಗಿ ಆ ಹಾಡುಗಳನ್ನು ಧ್ವನಿಮುದ್ರಿಸಿದರು.

ಈ ನೂರು ವರ್ಷಗಳ ಅನುಭವ ಒಂದನ್ನು ಖಚಿತಪಡಿಸುತ್ತದೆ: ಸಂಗ್ರಹಿಸಿದರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ಚಿತ್ರದಲ್ಲಿರುವವರ ಹೆಸರು, ಊರು, ವರ್ಷವನ್ನು ಬಲ್ಲವರು ಇರುವಾಗಲೇ ಕೇಳಿ ಬರೆದಿಡಬೇಕು. ಧ್ವನಿಯನ್ನು ಕಾಲಕಾಲಕ್ಕೆ ಹೊಸ ಮಾಧ್ಯಮಕ್ಕೆ ವರ್ಗಾಯಿಸಬೇಕು. ಯಾವ ಸಮುದಾಯದ ನೆನಪನ್ನು ಉಳಿಸಹೊರಟವರಿಗೂ ಈ ಎರಡು ಕೆಲಸಗಳಿಂದ ವಿನಾಯಿತಿಯಿಲ್ಲ.