ಗಾರೆಯ ಗೋಡೆಗೆ ಸಿಮೆಂಟಿನ ಅಂಗಿ

ನಮ್ಮ ತಾತನವರು ಕಟ್ಟಿಸಿದ ಮನೆಯ ಗೋಡೆಗಳು ಇಟ್ಟಿಗೆ ಹಾಗೂ ಸುಣ್ಣದ ಗಾರೆಯವು. ನಾನು ನಿವೃತ್ತನಾದ ವರ್ಷ, ಅಲ್ಲಲ್ಲಿ ಉದುರುತ್ತಿದ್ದ ಹಳೆಯ ಗಿಲಾವನ್ನು ಕೆತ್ತಿಸಿ ಸಿಮೆಂಟಿನ ಗಿಲಾವು ಮಾಡಿಸಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಉಬ್ಬಿ ಕಳಚಿತು; ಒಳಗಿನ ಇಟ್ಟಿಗೆಯೇ ಪುಡಿಯಾಗತೊಡಗಿತ್ತು. “ಕೆಡವಿ ಹೊಸದು ಕಟ್ಟೋಣ ಅಪ್ಪಾ” ಎಂದ ಮಗ. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಅದಕ್ಕೆ ಮೊದಲೂ, ಆಮೇಲೆ ಬಹುಕಾಲವೂ ನಮ್ಮ ನಾಡಿನ ಕಟ್ಟಡಗಳನ್ನು ಹಿಡಿದು ನಿಲ್ಲಿಸಿದ್ದು ಸುಣ್ಣ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಗೂ ಬಳಸಿದ್ದು ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಬೆರೆಸಿದ ಸುರ್ಕಿ ಗಾರೆಯನ್ನೇ.

ಸುಣ್ಣದ ಗಿಲಾವಿನಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ನೆಲದಿಂದ ಗೋಡೆಗೇರಿದ ತೇವ ಅವುಗಳ ಮೂಲಕ ಆರಿಹೋಗುತ್ತದೆ. ಗಟ್ಟಿ ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಒಳಗೇ ಸಿಕ್ಕಿಬಿದ್ದ ತೇವವೂ ಅದರೊಡನೆ ಬಂದ ಲವಣವೂ ಮೆತ್ತನೆಯ ಇಟ್ಟಿಗೆಯನ್ನು ತಿನ್ನುತ್ತವೆ.

ಇದನ್ನು ನನಗೆ ತಿಳಿಸಿಕೊಟ್ಟವರು ಶಾಲೆಯ ಮೆಟ್ಟಿಲನ್ನೇ ಹತ್ತದ ವೃದ್ಧ ಮೇಸ್ತ್ರಿಯೊಬ್ಬರು. ಅವರ ಮಾತಿನಂತೆ ಮೊದಲು ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಮಾಡಿದೆವು. ಸಿಮೆಂಟನ್ನು ಕೆತ್ತಿಸಿ, ಬೇಸಿಗೆಯಿಡೀ ಗೋಡೆಯನ್ನು ಆರಲು ಬಿಟ್ಟೆವು. ಸವೆದ ಇಟ್ಟಿಗೆಗಳನ್ನು ಬದಲಿಸಿ, ಸುಣ್ಣ ಮತ್ತು ಮರಳಿನ ಗಿಲಾವನ್ನು ತೆಳುವಾಗಿ, ಪದರಪದರವಾಗಿ ಬಳಿಸಿದೆವು. ಪ್ರತಿ ಪದರವನ್ನೂ ಕೆಲವು ದಿನ ಬಿಸಿಲು ತಾಗದಂತೆ ಹಸಿಯಾಗಿಟ್ಟೆವು.

ಮನೆ ಉಳಿಯಿತು. ಸಿಮೆಂಟು ಕೆಟ್ಟ ವಸ್ತುವಲ್ಲ. ಆದರೆ ಹಳೆಯ ಗೋಡೆಗೆ ಕೈಹಚ್ಚುವ ಮುನ್ನ, ಅದನ್ನು ಯಾವುದರಿಂದ ಕಟ್ಟಿದ್ದಾರೆಂದು ಕೇಳಿ ತಿಳಿಯಿರಿ. ನಲವತ್ತರ ಹತ್ತಿರ ವರ್ಷ ಇತಿಹಾಸ ಬೋಧಿಸಿದ ನಾನು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ.