ತಕ್ಕಡಿ ಹಿಡಿದವನೇ ಕೊಳ್ಳುವವನಾದರೆ

ಊರು ಬಿಟ್ಟು ಮುಂಬಯಿಗೆ ಬಂದ ನಮ್ಮಂಥವರಲ್ಲಿ ಮನೆ ಕೊಂಡ ಕಥೆಯೋ, ಕೊಳ್ಳಲಾಗದೆ ಹೋದ ಕಥೆಯೋ ಒಂದು ಇದ್ದೇ ಇರುತ್ತದೆ. ನನ್ನ ಸಹೋದ್ಯೋಗಿ, ಧಾರವಾಡದ ಕಡೆಯ ಮಿತ್ರರೊಬ್ಬರದು ಎರಡನೆಯ ಬಗೆ. 2011ರಲ್ಲಿ ಅವರು ಡೊಂಬಿವಲಿಯಲ್ಲಿ ಒಂದು ಹಳೆಯ ಫ್ಲ್ಯಾಟನ್ನು ಮೆಚ್ಚಿ, ಅದನ್ನು ಕೊಡಿಸುವ ಕೆಲಸವನ್ನು ದಲ್ಲಾಳಿಯೊಬ್ಬನಿಗೆ ಒಪ್ಪಿಸಿದರು. ಭವಿಷ್ಯನಿಧಿಯಿಂದ ಹಣ ತೆಗೆಯಲು ಅರ್ಜಿಯನ್ನೂ ಹಾಕಿದ್ದಾಯಿತು. ವಾರ ಕಳೆದ ಮೇಲೆ ದಲ್ಲಾಳಿ ಬಂದು, "ಮಾಲೀಕರು ಮನಸ್ಸು ಬದಲಾಯಿಸಿದ್ದಾರೆ ಸಾಹೇಬರೇ, ಆ ಮನೆಯ ಆಸೆ ಬಿಡಿ" ಎಂದ. ವರ್ಷ ತುಂಬುವುದರೊಳಗೆ ಅದೇ ಫ್ಲ್ಯಾಟು ಹೆಚ್ಚಿನ ಬೆಲೆಗೆ ಮಾರಾಟಕ್ಕೆ ಬಂತು. ಮಾರುತ್ತಿದ್ದವನು ದಲ್ಲಾಳಿಯ ಭಾವಮೈದುನ! ಮಿತ್ರರು ಹಣೆಬರಹವೆಂದು ಸುಮ್ಮನಾದರು.

ನಾನು ವಿಜ್ಞಾನ ಓದಿದವನೇ ಹೊರತು ಕಾನೂನು ಬಲ್ಲವನಲ್ಲ. ಆದರೂ ಕುತೂಹಲದಿಂದ 1872ರ ಭಾರತೀಯ ಕರಾರು ಕಾಯಿದೆಯನ್ನು ತೆರೆದು ನೋಡಿದಾಗ ಬೆರಗಾದೆ. ಅದರ 216ನೇ ಕಲಮಿನ ಕೆಳಗೆ ಕೊಟ್ಟಿರುವ ಉದಾಹರಣೆ ನಮ್ಮ ಮಿತ್ರರ ಕಥೆಯೇ ಆಗಿತ್ತು. ಒಬ್ಬನು ತನಗಾಗಿ ಒಂದು ಮನೆಯನ್ನು ಕೊಳ್ಳುವಂತೆ ಏಜೆಂಟನಿಗೆ ಹೇಳುತ್ತಾನೆ. ಏಜೆಂಟನು ಅದು ಸಿಗುವುದಿಲ್ಲವೆಂದು ಹೇಳಿ ತಾನೇ ಕೊಳ್ಳುತ್ತಾನೆ. ವಿಷಯ ತಿಳಿದ ಮೇಲೆ ಮೊದಲನೆಯವನು, ಏಜೆಂಟ್ ಕೊಟ್ಟ ಬೆಲೆಗೇ ಆ ಮನೆಯನ್ನು ತನಗೆ ಮಾರುವಂತೆ ಒತ್ತಾಯಿಸಬಹುದು.

215ನೇ ಕಲಮು ಮಾರುವವರ ರಕ್ಷಣೆಗೆ ಇದೆ. ಅಲ್ಲಿನ ಉದಾಹರಣೆಯಲ್ಲಿ ಏಜೆಂಟನು ಮಾರಬೇಕಾದ ಆಸ್ತಿಯನ್ನು ಬೇರೊಬ್ಬನ ಹೆಸರಿನಲ್ಲಿ ತಾನೇ ಕೊಳ್ಳುತ್ತಾನೆ. ಇನ್ನೊಂದರಲ್ಲಿ, ಜಮೀನಿನಲ್ಲಿ ಗಣಿ ಇರುವುದನ್ನು ಕಂಡುಕೊಂಡು, ಅದನ್ನು ಮುಚ್ಚಿಟ್ಟು, "ನಾನೇ ಕೊಳ್ಳುತ್ತೇನೆ" ಎಂದು ಒಪ್ಪಿಗೆ ಪಡೆಯುತ್ತಾನೆ. ಮುಖ್ಯ ಸಂಗತಿಯನ್ನು ಅಪ್ರಾಮಾಣಿಕವಾಗಿ ಬಚ್ಚಿಟ್ಟಿದ್ದರೆ, ಅಥವಾ ವ್ಯವಹಾರದಿಂದ ಯಜಮಾನನಿಗೆ ನಷ್ಟವಾಗಿದ್ದರೆ, ಯಜಮಾನನು ಅದನ್ನು ತಳ್ಳಿಹಾಕಬಹುದು. ಈಗಿನ ಕಾಲಕ್ಕೆ ಗಣಿಯ ಜಾಗದಲ್ಲಿ ಮೆಟ್ರೋ ನಿಲ್ದಾಣವೆಂದು ಓದಿಕೊಂಡರೆ ಸಾಕು.

ಈ ವಿವೇಕ 1872ರಲ್ಲಿ ಹುಟ್ಟಿದ್ದಲ್ಲ. 1726ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪ್ರಸಿದ್ಧ ಮೊಕದ್ದಮೆ ನಡೆಯಿತು. ಲಂಡನ್ನಿನ ಬಳಿಯ ರಾಮ್‌ಫೋರ್ಡ್ ಸಂತೆಯ ಗುತ್ತಿಗೆ ಒಂದು ಎಳೆಯ ಮಗುವಿನ ಪಾಲಿಗೆ ಬಂದಿತ್ತು. ಅದನ್ನು ನೋಡಿಕೊಳ್ಳಲು ಒಬ್ಬ ಧರ್ಮದರ್ಶಿ ಇದ್ದ. ಅವಧಿ ಮುಗಿದಾಗ ಸಂತೆಯ ಒಡೆಯನು ಮಗುವಿನ ಹೆಸರಿಗೆ ಗುತ್ತಿಗೆಯನ್ನು ನವೀಕರಿಸಲು ಒಪ್ಪಲಿಲ್ಲ. ಆಗ ಧರ್ಮದರ್ಶಿ ಅದನ್ನು ತನ್ನ ಹೆಸರಿಗೇ ಪಡೆದ. ಅವನು ಮೋಸ ಮಾಡಿದನೆಂದು ಯಾರೂ ಹೇಳಲಿಲ್ಲ. ಆದರೂ ಲಾರ್ಡ್ ಚಾನ್ಸಲರ್ ಕಿಂಗ್ ಅವರು ಗುತ್ತಿಗೆಯೂ ಲಾಭವೂ ಮಗುವಿಗೇ ಸೇರತಕ್ಕದ್ದೆಂದು ತೀರ್ಪಿತ್ತರು. ಲೋಕದಲ್ಲಿ ಯಾರು ಬೇಕಾದರೂ ಆ ಗುತ್ತಿಗೆಯನ್ನು ಹಿಡಿಯಬಹುದು, ಧರ್ಮದರ್ಶಿಯೊಬ್ಬನು ಮಾತ್ರ ಹಿಡಿಯಕೂಡದು ಎಂಬುದು ಅದರ ತಾತ್ಪರ್ಯ. ಸಡಿಲ ಬಿಟ್ಟರೆ ಮುಂದೆ ಯಾವ ಧರ್ಮದರ್ಶಿಯೂ ಮಗುವಿಗಾಗಿ ಮನಸ್ಸಿಟ್ಟು ಪ್ರಯತ್ನಿಸಲಾರನೆಂಬುದೇ ಅವರ ಭಯ.

ಅಮೆರಿಕದಲ್ಲಿ ಈ ವಿಚಾರಕ್ಕೆ ವೃತ್ತಿಯ ರೂಪ ಬಂತು. ಅಲ್ಲಿನ ಮನೆ, ನಿವೇಶನ ದಲ್ಲಾಳಿಗಳು 1908ರಲ್ಲಿ ಷಿಕಾಗೋದಲ್ಲಿ ರಾಷ್ಟ್ರೀಯ ಸಂಘ ಕಟ್ಟಿಕೊಂಡು, 1913ರಲ್ಲಿ ತಮಗೆ ತಾವೇ ನೀತಿಸಂಹಿತೆಯನ್ನು ವಿಧಿಸಿಕೊಂಡರು. ಕ್ಯಾಲಿಫೋರ್ನಿಯಾ 1917ರಲ್ಲಿ ಲೈಸೆನ್ಸ್ ಕಾಯಿದೆ ಮಾಡಿತು. ನ್ಯಾಯಾಲಯ ಅದನ್ನು ರದ್ದು ಮಾಡಿದ ಮೇಲೆ 1919ರಲ್ಲಿ ಮತ್ತೆ ಮಾಡಿತು. ಇಂದು ಅಲ್ಲಿನ ಅನೇಕ ರಾಜ್ಯಗಳಲ್ಲಿ, ಲೈಸೆನ್ಸ್ ಪಡೆದ ಏಜೆಂಟ್ ತನಗಾಗಿ ಆಸ್ತಿ ಕೊಳ್ಳುವಾಗ ತಾನು ಏಜೆಂಟ್ ಎಂಬುದನ್ನು ಎದುರು ಪಕ್ಷಕ್ಕೆ ಮೊದಲೇ ತಿಳಿಸಬೇಕು. ಹಣ ಹೂಡಬಾರದೆಂದಿಲ್ಲ; ಮುಚ್ಚುಮರೆ ಕೂಡದು, ಅಷ್ಟೇ.

ನಮ್ಮಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನೋಂದಣಿ ಬಂದದ್ದು 2016ರ ರೇರಾ ಕಾಯಿದೆಯಿಂದ. ಅದರ 9ನೇ ಕಲಮಿನ ಪ್ರಕಾರ, ನೋಂದಾಯಿತ ಯೋಜನೆಯ ಮನೆ, ನಿವೇಶನಗಳ ವ್ಯವಹಾರ ಮಾಡಿಸುವ ಏಜೆಂಟ್ ತಾನೂ ನೋಂದಣಿ ಮಾಡಿಸಿರಬೇಕು. 10ನೇ ಕಲಮು ಅನುಚಿತ ವ್ಯಾಪಾರ ಪದ್ಧತಿಗಳನ್ನು ನಿಷೇಧಿಸುತ್ತದೆ. ಈ ಕಲಮುಗಳನ್ನು ಮೀರಿದರೆ ದಿನವೊಂದಕ್ಕೆ 10,000 ರೂಪಾಯಿ ದಂಡ. ಅದು ಆಸ್ತಿಯ ಬೆಲೆಯ ಶೇಕಡಾ 5ರವರೆಗೂ ಬೆಳೆಯಬಹುದು. ಆದರೆ ನಮ್ಮ ಮಿತ್ರರು ಮೆಚ್ಚಿದಂಥ ಹಳೆಯ ಫ್ಲ್ಯಾಟಿನ ಮರುಮಾರಾಟಕ್ಕೆ ಈ ನೋಂದಣಿಯ ಕಟ್ಟು ಸಾಮಾನ್ಯವಾಗಿ ತಗಲುವುದಿಲ್ಲ. ಅಲ್ಲಿ ಇಂದಿಗೂ ನಮ್ಮ ಕೈಯಲ್ಲಿರುವ ಆಯುಧ 1872ರದ್ದೇ.

ಇದನ್ನು ಬರೆಯುವಾಗ ನನಗೆ ನನ್ನ ಕಚೇರಿಯ ನೆನಪಾಗುತ್ತದೆ. ಕೇಂದ್ರ ಸರಕಾರದ ಗುಮಾಸ್ತನಾದ ನಾನು ಒಂದು ತುಂಡು ನಿವೇಶನ ಕೊಂಡರೂ, ಹೆಂಡತಿಯ ಹೆಸರಿನಲ್ಲಿ ಕೊಂಡರೂ, 1964ರ ನಡತೆ ನಿಯಮಗಳ 18ನೇ ನಿಯಮದಂತೆ ಇಲಾಖೆಗೆ ಮುಂಚಿತವಾಗಿ ತಿಳಿಸಬೇಕು. ಮಾರುವವನಿಗೆ ನನ್ನೊಂದಿಗೆ ಕಚೇರಿಯ ವ್ಯವಹಾರವಿದ್ದರೆ ಅನುಮತಿಯನ್ನೇ ಪಡೆಯಬೇಕು. ಆ ನಮೂನೆ ತುಂಬುವಾಗ ಒಮ್ಮೆ ಗೊಣಗಿದ್ದೇನೆ. ಮಿತ್ರರ ಕಥೆ ಕೇಳಿದ ಮೇಲೆ ಗೊಣಗುವುದನ್ನು ಬಿಟ್ಟೆ. ಇನ್ನೊಬ್ಬರ ನಂಬಿಕೆಯಿಂದ ಹೊಟ್ಟೆ ಹೊರೆಯುವವನು ತನ್ನ ಸ್ವಂತ ಲಾಭವನ್ನು ಹೇಳಿಕೊಂಡೇ ಮುಂದುವರಿಯಬೇಕೆಂಬುದು ಗುಮಾಸ್ತನಿಗೂ ದಲ್ಲಾಳಿಗೂ ಒಂದೇ.

ದಲ್ಲಾಳಿಗಳೆಲ್ಲ ಕೆಟ್ಟವರಲ್ಲ, ಪರಸ್ಥಳದಲ್ಲಿ ನಮಗೆ ಸೂರು ದೊರಕಿಸಿಕೊಟ್ಟವರು ಎಷ್ಟೋ ಮಂದಿ. ಆದರೆ ಕಾನೂನು ನೆರವಿಗೆ ಬರಬೇಕಾದರೆ, ಆತ ನಮ್ಮ ಪರವಾಗಿ ಕೆಲಸ ಒಪ್ಪಿಕೊಂಡಿದ್ದನೆಂದು ನಾವು ತೋರಿಸಬೇಕು. ಬಾಯಿಮಾತಿನ ಒಪ್ಪಿಗೆಗೂ ಬೆಲೆಯುಂಟು. ಸಾಬೀತು ಮಾಡುವುದೇ ಕಷ್ಟ. ಆದ್ದರಿಂದ ಕೆಲಸ ಒಪ್ಪಿಸುವ ದಿನವೇ ಒಂದು ಚೀಟಿಯಾದರೂ ಬರೆಸಿಕೊಳ್ಳಿ. ಜೊತೆಗೆ, "ಈ ಆಸ್ತಿಯಲ್ಲಿ ನಿಮಗಾಗಲಿ ನಿಮ್ಮವರಿಗಾಗಲಿ ಏನಾದರೂ ಪಾಲು ಇದೆಯೇ?" ಎಂದು ಸಂಕೋಚವಿಲ್ಲದೆ ಕೇಳಿ. ನಮ್ಮ ಮಿತ್ರರು ಈ ಎರಡನ್ನೂ ಮಾಡಿರಲಿಲ್ಲ. ಅವರು ಇಂದಿಗೂ ಬಾಡಿಗೆ ಮನೆಯಲ್ಲೇ ಇದ್ದಾರೆ.